ಸುಣ್ಣಕಲ್ಲಿನ ಸೀಮೆಯಲ್ಲಿ ಗೋಲ್‌ಪೋಸ್ಟ್ ಎಲ್ಲಿದೆ?

1973ರ ಅಕ್ಟೋಬರ್ 17ರ ರಾತ್ರಿ ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡಿಗೆ ಗೆಲುವೊಂದೇ ದಾರಿಯಾಗಿತ್ತು. ಗೆದ್ದರೆ ಮರುವರ್ಷದ ವಿಶ್ವಕಪ್, ಸಮವಾದರೂ ಮನೆಯೇ ಗತಿ. ಎದುರಿಗಿದ್ದ ಪೋಲೆಂಡನ್ನು ಅಲ್ಲಿ ಹೆಚ್ಚಿನವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ದ್ವಿತೀಯಾರ್ಧದಲ್ಲಿ ಪಕ್ಕದ ಗೆರೆಯ ಹತ್ತಿರ ನಾರ್ಮನ್ ಹಂಟರ್ ಒಂದು ಕ್ಷಣ ತಡವರಿಸಿದರು. 23ರ ಹರೆಯದಲ್ಲೇ ತಲೆಗೂದಲು ವಿರಳವಾಗತೊಡಗಿದ್ದ ಗ್ಜೆಗೋಶ್ ಲಾಟೊ ಅಷ್ಟರಲ್ಲಿ ಚೆಂಡನ್ನು ಎಗರಿಸಿಕೊಂಡು ಓಡಿ, ಅಡ್ಡಕ್ಕೆ ತಳ್ಳಿದರು. ಯಾನ್ ದೊಮಾರ್ಸ್ಕಿ ಒದ್ದ ಚೆಂಡು ಗೋಲಿ ಪೀಟರ್ ಶಿಲ್ಟನ್ ಮೈಕೆಳಗಿನಿಂದ ನುಸುಳಿ ಬಲೆ ಸೇರಿತು. ಇಂಗ್ಲೆಂಡ್ ಪೆನಾಲ್ಟಿಯಲ್ಲಿ ಒಂದು ಗೋಲು ತೀರಿಸಿತಾದರೂ ಪಂದ್ಯ 1–1ರಲ್ಲೇ ಮುಗಿಯಿತು. 1966ರ ವಿಶ್ವ ಚಾಂಪಿಯನ್ನರು 1974ರ ವಿಶ್ವಕಪ್ಪನ್ನು ಟಿ.ವಿ.ಯಲ್ಲಿ ನೋಡಬೇಕಾಯಿತು. ಫುಟ್‌ಬಾಲ್ ಚರಿತ್ರೆಯಲ್ಲಿ ಆ ಗೋಲಿನ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನಮಗೆ ಬೇಕಾದದ್ದು ಅದರೊಳಗಿನ ಒಂದು ಸಣ್ಣ ಸಂಗತಿ: ಚೆಂಡು ಕೊಟ್ಟವರೂ ಒದ್ದವರೂ ಒಂದೇ ಕ್ಲಬ್ಬಿನವರು, ಮತ್ತು ಆ ಕ್ಲಬ್ಬು ರಾಜಧಾನಿಯದ್ದಲ್ಲ. ಒಂದು ಸಣ್ಣ ಊರಿನ ಕಾರ್ಖಾನೆಯ ಕ್ಲಬ್ಬು ಅದು.

ಆ ಊರು ಮಿಯೆಲೆಟ್ಸ್. ಲಾಟೊ ಹುಟ್ಟಿದ್ದು 1950ರಲ್ಲಿ ಉತ್ತರದ ಮಾಲ್ಬೋರ್ಕಿನಲ್ಲಿ. ಬೆಳೆದದ್ದು ಮಾತ್ರ ಆಗ್ನೇಯ ಪೋಲೆಂಡಿನ ಈ ಮಿಯೆಲೆಟ್ಸಿನಲ್ಲಿ. ಎರಡನೇ ಮಹಾಯುದ್ಧಕ್ಕೆ ತುಸು ಮುಂಚೆ ವಿಮಾನ ಕಾರ್ಖಾನೆ ಬಂದದ್ದರಿಂದ ದೊಡ್ಡದಾದ ಊರದು, ಇವತ್ತಿಗೂ ಹೆಚ್ಚುಕಡಿಮೆ ನಮ್ಮ ಕಲ್ಯಾಣ ಕರ್ನಾಟಕದ ಶಹಾಬಾದಿನಷ್ಟೇ. ಕಾರ್ಖಾನೆಯ ಬೆನ್ನಿಗೇ 1939ರಲ್ಲಿ ‘ಸ್ತಾಲ್’ ಎಂಬ ಕ್ಲಬ್ಬು ಹುಟ್ಟಿತು. ಪೋಲಿಷ್ ಭಾಷೆಯಲ್ಲಿ ಆ ಪದಕ್ಕೆ ಉಕ್ಕು ಎಂದರ್ಥ. (ಆ ಕಾರ್ಖಾನೆಯ ಹೆಸರು ನಮಗೆ ತೀರ ಅಪರಿಚಿತವೂ ಅಲ್ಲ, ಅಲ್ಲಿ ತಯಾರಾದ ಇಸ್ಕ್ರಾ ಜೆಟ್‌ಗಳಲ್ಲಿ ಭಾರತೀಯ ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರುವುದನ್ನು ಕಲಿತರು.) ಲಾಟೊ ಹುಡುಗನಾಗಿದ್ದಾಗಲೇ ಈ ಕ್ಲಬ್ಬಿನ ಮಕ್ಕಳ ತಂಡ ಸೇರಿದರು, ಅಲ್ಲೇ ದೊಡ್ಡವರಾದರು, 1980ರವರೆಗೆ ಅಲ್ಲೇ ಆಡಿದರು. 1970ರಲ್ಲಿ ದೇಶದ ಮೇಲಿನ ಲೀಗಿಗೆ ಏರಿದ ಸ್ತಾಲ್ 1973 ಮತ್ತು 1976ರಲ್ಲಿ ಪೋಲೆಂಡಿನ ಚಾಂಪಿಯನ್ ಆಯಿತು. 1973ರಲ್ಲೂ 1975ರಲ್ಲೂ ಆ ಲೀಗಿನ ಅತಿ ಹೆಚ್ಚು ಗೋಲು ಲಾಟೊ ಅವರದೇ. 1974ರ ವಿಶ್ವಕಪ್ಪಿನಲ್ಲಿ ಅವರು ಹೊಡೆದದ್ದು 7 ಗೋಲು, ಟೂರ್ನಿಯಲ್ಲೇ ಹೆಚ್ಚು. ಮೂರನೇ ಸ್ಥಾನದ ಪಂದ್ಯದಲ್ಲಿ ಬ್ರೆಜಿಲ್ಲಿನ ವಿರುದ್ಧ ಬಂದ ಏಕೈಕ ಗೋಲೂ ಅದರಲ್ಲಿ ಸೇರಿತ್ತು. 100 ಅಂತರರಾಷ್ಟ್ರೀಯ ಪಂದ್ಯ, 45 ಗೋಲು. ಮುಂದೆ ಸೆನೆಟರ್ ಆದರು, ದೇಶದ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರೂ ಆದರು. ಅಧ್ಯಕ್ಷಗಿರಿಯ ಬಗ್ಗೆ ಅಲ್ಲಿ ಒಳ್ಳೆಯ ಮಾತಿಗಿಂತ ಬೈಗುಳವೇ ಹೆಚ್ಚು ಬಂತು. ಆಡುವವರೆಲ್ಲ ಆಡಳಿತಗಾರರಾಗಬೇಕಿಲ್ಲ, ಬಿಡಿ.

ಈ ಕತೆಯನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ಮುಂಚೂಣಿಯಲ್ಲಿ ಆಡುವವನನ್ನು, ನಾವೀಗ ಸ್ಟ್ರೈಕರ್ ಅನ್ನುವವನನ್ನು, ದೈವದತ್ತ ಪ್ರತಿಭೆ ಎಂದು ನೋಡುವ ಅಭ್ಯಾಸ ನಮಗಿದೆ. ಎಲ್ಲೋ ಒಬ್ಬ ಹುಟ್ಟುತ್ತಾನೆ, ಅವನ ಕಾಲಿನಲ್ಲಿ ಏನೋ ಇರುತ್ತದೆ, ಅವನು ಮೇಲೆ ಬರುತ್ತಾನೆ ಎಂಬ ನಂಬಿಕೆ. ನನ್ನ ವಾದ ಇದಕ್ಕೆ ಉಲ್ಟಾ. ಗೋಲು ಹೊಡೆಯುವವನು ಒಂದು ಉದ್ದದ ಸರಪಳಿಯ ಕೊನೆಯ ಕೊಂಡಿ. ಅದರ ಹಿಂದೆ ಸಂಜೆ ತೆರೆದಿರುವ ಮೈದಾನ ಇರಬೇಕು, ಸೀಟಿ ಊದುವ ಒಬ್ಬ ತರಬೇತುದಾರ ಇರಬೇಕು, ವಾರಕ್ಕೊಂದು ಪಂದ್ಯ ಇರಬೇಕು, ಹದಿನೆಂಟು ದಾಟಿದ ಮೇಲೆ ಹೊಟ್ಟೆಪಾಡಿಗೆ ಒಂದು ಸಂಬಳವೂ ಇರಬೇಕು. ಈ ನಾಲ್ಕೂ ಒಂದೆಡೆ ಸಿಕ್ಕ ಸಣ್ಣ ಊರುಗಳು ಜಗತ್ತಿನಲ್ಲಿ ಬಹುಪಾಲು ಗಣಿ ಮತ್ತು ಕಾರ್ಖಾನೆಯ ಊರುಗಳೇ. ಹಾಗಾದರೆ ಗಣಿಯೂ ಕಾರ್ಖಾನೆಯೂ ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಕಾಲದಿಂದ ಇರುವ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಯ ಸೀಮೆ ಈ ವಿಷಯದಲ್ಲಿ ಏಕೆ ಬರಡಾಗಿದೆ? ಭಾರತದ ಫುಟ್‌ಬಾಲಿನ ದೊಡ್ಡ ಹೆಸರುಗಳ ಪಟ್ಟಿಯಲ್ಲಿ ಈ ಐದು ಊರುಗಳು ಕಾಣುವುದಿಲ್ಲ. ನಮ್ಮ ಹುಡುಗರ ಕಾಲಿನಲ್ಲಿ ಕಸುವಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಫರ್ಸಿ ಖಣಿಯಲ್ಲಿ ಬೆಳಿಗ್ಗೆಯಿಂದ ಸಂಜೆತನಕ ಹಾಸುಗಲ್ಲು ಎಬ್ಬಿಸುವವರ ಮಕ್ಕಳು ಅವರು.

ಈ ಸೀಮೆಯ ಭಂಡಾರ ನೆಲದಡಿಯ ಸುಣ್ಣಕಲ್ಲು. ಶಹಾಬಾದಿನ ಹಾಸುಗಲ್ಲು ದೇಶದ ಎಷ್ಟೋ ರೈಲು ನಿಲ್ದಾಣಗಳ, ಶಾಲೆಗಳ, ಮನೆಗಳ ನೆಲವಾಗಿದೆ. 1936ರಲ್ಲಿ ಹತ್ತು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಅದರಲ್ಲಿ ಶಹಾಬಾದಿನದೂ ಒಂದು. ವಾಡಿಯ ಎಸಿಸಿ ಕಾರ್ಖಾನೆ 1960ರ ದಶಕದ ಕೊನೆಗೆ ಬಂತು. 1980ರ ದಶಕದಲ್ಲಿ ಮಳಖೇಡಕ್ಕೆ ರಾಜಶ್ರೀ, ಸೇಡಂಗೆ ವಾಸವದತ್ತಾ. ಇತ್ತೀಚೆಗೆ ಚಿತ್ತಾಪುರ ತಾಲ್ಲೂಕಿನ ಇಟಗಾ, ಸೇಡಂ ಹತ್ತಿರದ ಕೋಡ್ಲಾ, ಚಿಂಚೋಳಿಯ ಛತ್ರಸಾಲದಲ್ಲಿ ಹೊಸ ಚಿಮಣಿಗಳು ಎದ್ದಿವೆ. ಕಾಗಿಣೆಯ ಎರಡೂ ದಂಡೆಗೆ ಕಣ್ಣಾಡಿಸಿದರೆ ದೇಶದ ದೊಡ್ಡ ಸಿಮೆಂಟ್ ಸೀಮೆಗಳಲ್ಲೊಂದು ಕಾಣುತ್ತದೆ. ಕಾರ್ಖಾನೆ ಬಂದಲ್ಲೆಲ್ಲ ಕಾಲೊನಿ ಬಂತು, ಕಾಲೊನಿಯೊಳಗೆ ಶಾಲೆ, ದವಾಖಾನೆ, ಕ್ಲಬ್ಬು ಬಂದವು. ಆದರೆ ಕಾಲೊನಿಗೊಂದು ಗೇಟು, ಗೇಟಿಗೊಬ್ಬ ಕಾವಲುಗಾರ. ಊರಿನ ಮಕ್ಕಳಿಗೆ ಕಾರ್ಖಾನೆಯಿಂದ ತಪ್ಪದೆ ಸಿಕ್ಕಿದ್ದು ಪಾಳಿಯ ಸೈರನ್ನು ಮತ್ತು ತೊಗರಿ ಎಲೆಯ ಮೇಲೆ ಕೂರುವ ಬೂದಿ. ಮಿಯೆಲೆಟ್ಸಿನಲ್ಲಿ ಕಾರ್ಖಾನೆ ಊರಿನ ಹುಡುಗನನ್ನು ಒಳಗೆ ಕರೆದು ಬೂಟು ಕೊಟ್ಟಿತು. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದು ಸಣ್ಣ ವ್ಯತ್ಯಾಸವಲ್ಲ.

ಪೋಲೆಂಡ್ ದೂರದ ಮಾತು ಎನ್ನುವವರಿಗೆ ನಮ್ಮದೇ ರೈಲು ಹಳಿ ಉತ್ತರ ಹೇಳುತ್ತದೆ. ವಾಡಿಯಿಂದ ಹೊರಟು ಚಿತ್ತಾಪುರ, ಮಳಖೇಡ, ಸೇಡಂ ದಾಟಿ, ತಾಂಡೂರಿನ ಮೇಲೆ ಸಿಕಂದರಾಬಾದಿಗೆ ಹೋಗುವ ಹಳಿ ನಿಜಾಮರ ಕಾಲದ್ದು, 1874ರಲ್ಲಿ ಶುರುವಾಯಿತು. 1956ರವರೆಗೆ ಹಳಿಯ ಎರಡೂ ತುದಿ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಸಿಕಂದರಾಬಾದಿನ ಪಕ್ಕದ ಅಮ್ಮುಗುಡದಲ್ಲಿ 1936ರಲ್ಲಿ ಬಡ ಮನೆಯೊಂದರಲ್ಲಿ ತುಳಸೀದಾಸ್ ಬಲರಾಮ್ ಹುಟ್ಟಿದರು. ಇಪ್ಪತ್ತು ತುಂಬುವ ಹೊತ್ತಿಗೆ ಮೆಲ್ಬರ್ನ್ ಒಲಿಂಪಿಕ್ಸ್ ಆಡಿದರು. ಅಲ್ಲಿ ಭಾರತ ಸೆಮಿಫೈನಲ್ ಮುಟ್ಟಿ ನಾಲ್ಕನೇ ಸ್ಥಾನ ಪಡೆಯಿತು. 1960ರ ರೋಮ್‌ನಲ್ಲಿ ಹಂಗೇರಿಯ ವಿರುದ್ಧವೂ ಪೆರುವಿನ ವಿರುದ್ಧವೂ ಗೋಲು ಹೊಡೆದರು, 1962ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದರು. ಎದೆಯ ಕಾಯಿಲೆಯಿಂದಾಗಿ ಇಪ್ಪತ್ತೇಳಕ್ಕೇ ಆಟ ಬಿಡಬೇಕಾಯಿತು, 2023ರಲ್ಲಿ ತೀರಿಕೊಂಡರು. ಆ ಕಾಲದ ಭಾರತ ತಂಡದಲ್ಲಿ ಹೈದರಾಬಾದಿನವರೇ ತುಂಬಿದ್ದರು, ತಂಡ ಕಟ್ಟಿದವರೂ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಅವರ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಹಳಿಯ ಈ ತುದಿಗೂ ಆ ತುದಿಗೂ ಬಿಸಿಲು ಒಂದೇ, ಬಡತನ ಒಂದೇ, ಆಳುವ ದೊರೆಯೂ ಒಬ್ಬನೇ. ಬೇರೆಯಾಗಿದ್ದದ್ದು ಎರಡು: ಅಲ್ಲಿ ದಂಡಿನ ಮೈದಾನಗಳಿದ್ದವು, ಮತ್ತು ಆಡುವವನಿಗೆ ಪೊಲೀಸ್ ಇಲಾಖೆ ನೌಕರಿ ಕೊಡುತ್ತಿತ್ತು. ಇಲ್ಲಿ ಅವೆರಡೂ ಇರಲಿಲ್ಲ. ಕಾರಣ ಇಷ್ಟು ಸರಳವಾಗಿರುವಾಗ ಹುಡುಗರ ಹಣೆಬರಹವನ್ನು ದೂರಬೇಕಿಲ್ಲ.

ಕರ್ನಾಟಕದ ಕತೆಯೂ ಇದನ್ನೇ ಹೇಳುತ್ತದೆ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು 1948ರಲ್ಲಿ ಫ್ರಾನ್ಸಿನ ವಿರುದ್ಧ ಹೊಡೆದವರು ಬೆಂಗಳೂರಿನ ಎಸ್. ರಾಮನ್. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ನಮಗೆ ಹತ್ತು ಗೋಲು ಬಾರಿಸಿದಾಗ ಮರಳಿ ಒಂದಾದರೂ ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಈ ಪ್ರತಿಭೆಯ ಹಿಂದಿದ್ದದ್ದು ದಂಡು ಪ್ರದೇಶದ ಮೈದಾನಗಳು. ಸ್ವಾತಂತ್ರ್ಯದ ನಂತರ ಅದನ್ನು ಹಿಡಿದಿಟ್ಟದ್ದು ಎಚ್‌ಎಎಲ್, ಐಟಿಐ ಮೊದಲಾದ ಕಾರ್ಖಾನೆಗಳ ತಂಡಗಳು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತು, ಕೊನೆಯದ್ದು 1968–69ರಲ್ಲಿ. ಕಾರ್ಖಾನೆಗಳು ಆಟಗಾರರನ್ನು ನೇಮಿಸಿಕೊಳ್ಳುವುದು ಕಡಿಮೆಯಾದ ದಶಕಗಳಲ್ಲೇ ರಾಜ್ಯದ ಫುಟ್‌ಬಾಲೂ ಸೊರಗಿತು. ಐದನೇ ಟ್ರೋಫಿಗೆ 2023ರವರೆಗೆ ಕಾಯಬೇಕಾಯಿತು. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಅವರ ಹಾದಿಯನ್ನೇ ನೋಡಿ. ಅವರನ್ನು ತಿದ್ದಿದ್ದು ಜಮ್‌ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ, ಅಂದರೆ ಉಕ್ಕಿನ ಊರು. 1993ರಲ್ಲಿ ಈಸ್ಟ್ ಬೆಂಗಾಲ್ ಪರ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದು ಹೆಸರಾದರು. ಮೊದಲ ರಾಷ್ಟ್ರೀಯ ಲೀಗ್ ಗೆದ್ದದ್ದು ಪಂಜಾಬಿನ ಫಗ್ವಾಡದ ಜೆಸಿಟಿ ತಂಡದಲ್ಲಿ, ಅಂದರೆ ಬಟ್ಟೆ ಗಿರಣಿಯ ತಂಡದಲ್ಲಿ. ನೆರೆಯ ಗೋವಾದಲ್ಲಿ ಡೆಂಪೊ, ಸಾಲ್ಗಾಂವ್ಕರ್ ಎಂಬ ಕ್ಲಬ್ಬುಗಳ ಹೆಸರೇ ಅದಿರಿನ ಮನೆತನಗಳ ಹೆಸರು. ಒಂದು ಕಾಲಕ್ಕೆ ಎಸಿಸಿಯೂ ಟಾಟಾ ಬಳಗಕ್ಕೆ ಹತ್ತಿರದ ಕಂಪನಿಯೇ. ಜಮ್‌ಷೆಡ್‌ಪುರದಲ್ಲಿ ಮೂಡಿದ ಆಲೋಚನೆ ಸಿಮೆಂಟಿನ ಊರುಗಳ ತನಕ ಬರಲಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಲಾಟೊ ಕಾಲ ಮುಗಿಯಿತು. ಇವತ್ತಿನ ಪೋಲಿಷ್ ಸ್ಟ್ರೈಕರ್ ಎಂದರೆ ರಾಬರ್ಟ್ ಲೆವಾಂಡೊವ್‌ಸ್ಕಿ, ಅವರಿಗೆ ಯಾವ ಕಾರ್ಖಾನೆಯೂ ಬೆನ್ನಿಗಿರಲಿಲ್ಲವಲ್ಲ? ನಿಜ. ಕಾರ್ಖಾನೆಯ ನಂಟೆಂದರೆ ತಂದೆಯದು. ಜೂಡೊ ಪಟುವಾಗಿದ್ದ ಅವರು ವಾರ್ಸಾದ ಹುಟ್ನಿಕ್ ಕ್ಲಬ್ಬಿಗೆ ಫುಟ್‌ಬಾಲ್ ಆಡಿದವರು, ‘ಹುಟ್ನಿಕ್’ ಅಂದರೆ ಉಕ್ಕಿನ ಕಾರ್ಖಾನೆಯ ಕೆಲಸಗಾರ. ಆದರೆ ಅಷ್ಟಕ್ಕೆ ನೇತುಬಿದ್ದು ವಾದ ಗೆಲ್ಲುವುದು ನನಗಿಷ್ಟವಿಲ್ಲ. ಲೆವಾಂಡೊವ್‌ಸ್ಕಿ ಬದುಕಿನಲ್ಲಿ ನಾವು ನೋಡಬೇಕಾದದ್ದು ಬೇರೆ. 1988ರಲ್ಲಿ ಹುಟ್ಟಿದ ಅವರು ವಾರ್ಸಾ ಸಮೀಪದ ಲೆಶ್ನೊ ಎಂಬ ಹಳ್ಳಿಯವರು. ಮೊದಲು ಆಡಿದ್ದು ಆ ಹಳ್ಳಿಯ ತಂಡಕ್ಕೆ. 2005ರಲ್ಲಿ ತಂದೆ ತೀರಿಹೋದರು. ಅದರ ಬೆನ್ನಿಗೇ ರಾಜಧಾನಿಯ ದೊಡ್ಡ ಕ್ಲಬ್ಬು ಲೆಗಿಯಾ, ಗಾಯಗೊಂಡಿದ್ದ ಈ ಬಡಕಲು ಹುಡುಗ ಬೇಡವೆಂದು ಕಳಿಸಿಬಿಟ್ಟಿತು. ನಮ್ಮಲ್ಲಾದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅಲ್ಲಿ ಮುಗಿಯಲಿಲ್ಲ, ಏಕೆಂದರೆ ಕೆಳಗೆ ಇನ್ನೊಂದು ಮೆಟ್ಟಿಲಿತ್ತು. ಪ್ರುಷ್ಕುವ್ ಎಂಬ ಸಣ್ಣ ಪಟ್ಟಣದ ಜ್ನಿಚ್ ಕ್ಲಬ್ಬು ಅವರನ್ನು ಇಟ್ಟುಕೊಂಡಿತು. 2006–07ರಲ್ಲಿ ಮೂರನೇ ದರ್ಜೆಯ ಲೀಗಿನಲ್ಲಿ, ಮರುವರ್ಷ ಎರಡನೇ ದರ್ಜೆಯಲ್ಲಿ, ಆಮೇಲೆ ಪೊಜ್ನಾನಿನ ಲೆಹ್ ತಂಡದಿಂದ 2009–10ರಲ್ಲಿ ಮೊದಲ ದರ್ಜೆಯಲ್ಲಿ, ಹೀಗೆ ಒಂದೊಂದೇ ಮೆಟ್ಟಿಲಿನಲ್ಲಿ ಅತಿ ಹೆಚ್ಚು ಗೋಲು ಹೊಡೆಯುತ್ತ ಏರಿದರು. 2010ರಲ್ಲಿ ಡಾರ್ಟ್‌ಮಂಡ್, 2014ರಲ್ಲಿ ಬಯರ್ನ್ ಮ್ಯೂನಿಕ್, 2022ರಲ್ಲಿ ಬಾರ್ಸಿಲೋನಾ. 2013ರಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ನಾಲ್ಕು ಗೋಲು. 2015ರಲ್ಲಿ ಬದಲಿ ಆಟಗಾರನಾಗಿ ಇಳಿದು ವೋಲ್ಫ್ಸ್‌ಬರ್ಗ್ ವಿರುದ್ಧ ಒಂಬತ್ತು ನಿಮಿಷದಲ್ಲಿ ಐದು. 2020–21ರ ಜರ್ಮನ್ ಲೀಗಿನಲ್ಲಿ 41, ಗೆರ್ಡ್ ಮ್ಯುಲರ್ ಅವರ ಅರ್ಧ ಶತಮಾನದ ದಾಖಲೆಗಿಂತ ಒಂದು ಹೆಚ್ಚು. ಈ ಅಂಕಿಗಳೆಲ್ಲ ನಮ್ಮೂರಿನ ಹುಡುಗರಿಗೆ ಬಾಯಿಪಾಠ. ಅವರಿಗೆ ಯಾರೂ ಹೇಳದ ಅಂಕಿ ಎಂದರೆ ಆ ಮೂರನೇ ದರ್ಜೆಯ ಲೀಗಿನ 15 ಗೋಲು. ಆ ಲೀಗು ಇರದಿದ್ದರೆ ಮಿಕ್ಕ ಯಾವ ಅಂಕಿಯೂ ಇರುತ್ತಿರಲಿಲ್ಲ.

ಹಾಗಾಗಿ ಲೆವಾಂಡೊವ್‌ಸ್ಕಿ ನನ್ನ ವಾದವನ್ನು ಮುರಿಯುವುದಿಲ್ಲ, ಅದರಲ್ಲಿ ಕೊರೆಯಾಗಿದ್ದ ಭಾಗವನ್ನು ತುಂಬುತ್ತಾರೆ. ಮೈದಾನ, ಬೂಟು, ಸಂಬಳ ಕಾರ್ಖಾನೆಯಿಂದ ಬರಬಹುದು. ಆದರೆ ಏರಲಿಕ್ಕೆ ಏಣಿ ಬೇಕು. ಕರ್ನಾಟಕದ ಫುಟ್‌ಬಾಲ್ ಏಣಿ ಬಹುತೇಕ ಬೆಂಗಳೂರಿನೊಳಗೇ ನಿಂತಿದೆ. ಅಲ್ಲಿನ ಲೀಗಿನ ಕೆಳದರ್ಜೆಯಿಂದ ಮೇಲುದರ್ಜೆಯ ತನಕ ಆಡುವ ಕ್ಲಬ್ಬುಗಳು ಹೆಚ್ಚಾಗಿ ಆ ನಗರದವೇ. ಸೇಡಂನಿಂದ ಹೈದರಾಬಾದು ಒಂದು ಮಧ್ಯಾಹ್ನದ ಪ್ರಯಾಣ, ಬೆಂಗಳೂರು ಒಂದು ಇಡೀ ರಾತ್ರಿಯದು. ಹದಿಮೂರು ವರ್ಷದ ಹುಡುಗ ವಾರವಾರ ಆ ರಾತ್ರಿಯ ರೈಲು ಹತ್ತಲಾರ. ಸಂವಿಧಾನದ 371 ಜೆ ಕಲಮು ನಮ್ಮ ಮಕ್ಕಳಿಗೆ ಕಾಲೇಜಿನ ಸೀಟಿನಲ್ಲೂ ನೌಕರಿಯಲ್ಲೂ ಪಾಲು ಕೊಟ್ಟಿತು. ಅದಕ್ಕಾಗಿ ಹೋರಾಡಿದವರಿಗೆ ಈ ಭಾಗ ಋಣಿ. ಆದರೆ ತಂಡದ ಹನ್ನೊಂದರಲ್ಲಿ ಮೀಸಲು ಜಾಗ ಎಂಬುದಿಲ್ಲ. ಅಲ್ಲಿಗೆ ಆಡಿಯೇ ಹೋಗಬೇಕು, ಆಡಲಿಕ್ಕೆ ಹತ್ತಿರದಲ್ಲೇ ಪಂದ್ಯಗಳಿರಬೇಕು.

ಇದಕ್ಕಿಂತ ಕಠಿಣವಾದ ಆಕ್ಷೇಪ ಇನ್ನೊಂದಿದೆ, ಅದನ್ನು ಎತ್ತುವವರ ಮೇಲೆ ನನಗೆ ಗೌರವವೂ ಇದೆ. ಧೂಳು ಕುಡಿಯುತ್ತಿರುವ ಊರಿಗೆ, ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಓಣಿಗೆ, ಗುಳೆ ಹೋಗುವ ಕುಟುಂಬಗಳಿಗೆ ಫುಟ್‌ಬಾಲ್ ಯಾರಿಗೆ ಬೇಕಾಗಿದೆ ಎಂದು ಅವರು ಕೇಳುತ್ತಾರೆ. ಕಂಪನಿಗಳು ಒಂದು ಚೆಂಡು ಕೊಟ್ಟು, ಫೋಟೊ ತೆಗೆಸಿಕೊಂಡು, ಚಿಮಣಿಯ ಲೆಕ್ಕವನ್ನು ಮರೆಸುವುದಿಲ್ಲವೇ ಎಂದೂ ಕೇಳುತ್ತಾರೆ. ಮೊದಲ ಪ್ರಶ್ನೆಗೆ ಉತ್ತರ ಹಣದ ಲೆಕ್ಕದಲ್ಲಿದೆ. ಗಣಿಬಾಧಿತ ಊರುಗಳ ನೀರು, ಆರೋಗ್ಯ, ಶಿಕ್ಷಣಕ್ಕೆಂದೇ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದೆ. ಅದರಿಂದ ಒಂದು ಪೈಸೆಯನ್ನೂ ಆಟಕ್ಕೆ ಕೇಳಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ 2013ರ ಕಂಪನಿ ಕಾಯ್ದೆಯ 135ನೇ ಕಲಮು ಬೇರೊಂದು ಬಾಗಿಲು ತೆರೆದಿದೆ. ನಿಗದಿತ ಗಾತ್ರ ಮೀರಿದ ಕಂಪನಿ ಹಿಂದಿನ ಮೂರು ವರ್ಷದ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗೆ ತೆಗೆದಿಡಬೇಕು, ತಾನು ಕೆಲಸ ಮಾಡುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಅದೇ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಗ್ರಾಮೀಣ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿಯನ್ನು ಹೆಸರಿಟ್ಟು ಹೇಳಲಾಗಿದೆ. ಹಾಗಾಗಿ ನೀರೋ ಆಟವೋ ಎಂಬ ಆಯ್ಕೆ ನಮ್ಮ ಮುಂದೆ ಇಲ್ಲವೇ ಇಲ್ಲ. ಎರಡನೇ ಪ್ರಶ್ನೆ ಹೆಚ್ಚು ನೋವಿನದು. ಆಟದಿಂದ ಧೂಳು ಮುಚ್ಚುವ ಪ್ರಯತ್ನ ನಡೆಯುವುದಿಲ್ಲ ಎಂದು ನಾನು ಭರವಸೆ ಕೊಡಲಾರೆ. ಆದರೆ ಯೋಚಿಸಿ: ಮಕ್ಕಳು ದಿನಾ ಸಂಜೆ ಬಯಲಿನಲ್ಲಿ ಓಡಿ ಏದುಸಿರು ಬಿಡುವ ಊರಿನಲ್ಲಿ ಗಾಳಿಯ ಬಗ್ಗೆ ಕೇಳುವವರು ಹೆಚ್ಚಾಗುತ್ತಾರೆಯೇ ಹೊರತು ಕಡಿಮೆಯಾಗುವುದಿಲ್ಲ. ಮನೆಯೊಳಗೆ ಮೊಬೈಲಿನಲ್ಲಿ ಬಾರ್ಸಿಲೋನಾ ನೋಡುತ್ತ ಕೂತ ಹುಡುಗನ ಕೆಮ್ಮು ಮನೆಯೊಳಗೇ ಉಳಿಯುತ್ತದೆ.

ಕಂಪನಿ ಕ್ಲಬ್ಬಿನ ಮಾದರಿಯೇ ಸತ್ತಿದೆ ಎನ್ನುವವರ ಮಾತಿನಲ್ಲೂ ಸತ್ಯವಿದೆ. ಜೆಸಿಟಿ 2011ರಲ್ಲಿ ತಂಡ ಮುಚ್ಚಿತು, ಅದಕ್ಕೂ ವರ್ಷ ಮುಂಚೆ ಮುಂಬಯಿಯ ಮಹೀಂದ್ರ ಯುನೈಟೆಡ್ ಮುಚ್ಚಿತ್ತು. ಎಚ್‌ಎಎಲ್ ತಂಡ ಐ–ಲೀಗಿಗೆ ಏರಿ ಎರಡೇ ಋತುವಿನಲ್ಲಿ ಕೆಳಗಿಳಿಯಿತು. ಸ್ತಾಲ್ ಮಿಯೆಲೆಟ್ಸ್ ಕೂಡ ಉಳಿಯಲಿಲ್ಲ. ಕಮ್ಯುನಿಸ್ಟ್ ಆಡಳಿತ ಹೋಗಿ ಕಾರ್ಖಾನೆ ತತ್ತರಿಸಿದಾಗ 1990ರ ದಶಕದಲ್ಲಿ ಕ್ಲಬ್ಬು ದಿವಾಳಿಯಾಯಿತು. ಆಡುವವರು ಹೆಸರಿಗೆ ಕಾರ್ಖಾನೆಯ ನೌಕರರಾಗಿದ್ದು ಸರ್ಕಾರದ ಖರ್ಚಿನಲ್ಲಿ ಆಡುತ್ತಿದ್ದ ವ್ಯವಸ್ಥೆ ಅದು. ಲಾಟೊ ಮೂವತ್ತು ದಾಟುವ ತನಕ ಹೊರದೇಶದ ಕ್ಲಬ್ಬು ಸೇರುವಂತೆಯೇ ಇರಲಿಲ್ಲ. ಅದನ್ನು ಹೊಗಳಿ ಪ್ರಯೋಜನವಿಲ್ಲ. ಆದರೆ ಮಿಯೆಲೆಟ್ಸಿನ ಕತೆ ದಿವಾಳಿಗೇ ನಿಲ್ಲುವುದಿಲ್ಲ. ಊರಿನವರು ಕೆಳದರ್ಜೆಯಿಂದ ಮತ್ತೆ ತಂಡ ಕಟ್ಟಿದರು, 2020ರಲ್ಲಿ ಸ್ತಾಲ್ ಮರಳಿ ಮೇಲಿನ ಲೀಗಿಗೆ ಬಂತು. ಕಾರ್ಖಾನೆಯ ಮಾಲೀಕರು ಬದಲಾದರು, ಕ್ಲಬ್ಬಿನ ಹೆಸರು ಊರಿನ ಬಾಯಲ್ಲಿ ಉಳಿದಿತ್ತು. ಲೆವಾಂಡೊವ್‌ಸ್ಕಿಗೆ ಹೆಸರು ತಂದ ಡಾರ್ಟ್‌ಮಂಡ್ ಕೂಡ ಕಲ್ಲಿದ್ದಲು, ಉಕ್ಕಿನ ಊರೇ. ಗಣಿಗಳು ಮುಚ್ಚಿದವು, ಸದಸ್ಯರ ಕೈಯಲ್ಲಿದ್ದ ಕ್ಲಬ್ಬು ಮುಚ್ಚಲಿಲ್ಲ. ಹಳೆಯ ಸಿಮೆಂಟ್ ಕಾರ್ಖಾನೆ ನಿಂತುಹೋದದ್ದನ್ನು ಕಣ್ಣಾರೆ ಕಂಡ ಶಹಾಬಾದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಸೀಮೆಯ ಕಾರ್ಖಾನೆಗಳು ಕಳೆದ ಕೆಲವೇ ವರ್ಷಗಳಲ್ಲಿ ಒಂದು ಸಮೂಹದಿಂದ ಇನ್ನೊಂದಕ್ಕೆ ಕೈ ಬದಲಾಯಿಸಿವೆ. ಬೋರ್ಡಿನ ಮೇಲಿನ ಹೆಸರು ನಾಳೆ ಏನಿರುತ್ತದೋ. ಕಾಯಂ ನೌಕರರಿಗಿಂತ ಗುತ್ತಿಗೆಯವರೇ ಹೆಚ್ಚಾಗಿರುವ ಈ ಕಾಲದಲ್ಲಿ ಕಾರ್ಖಾನೆಯ ತಂಡ ಎಂದರೆ ಯಾರ ತಂಡ ಎಂಬ ಪ್ರಶ್ನೆಯೂ ಏಳುತ್ತದೆ. ಅದಕ್ಕೇ ತಂಡ ಊರಿನದ್ದಾಗಿರಬೇಕು, ನೆಲ ಮತ್ತು ಖರ್ಚು ಕಂಪನಿಯದ್ದಾಗಿರಬೇಕು. ಅಂಗಿಯ ಎದೆಯ ಮೇಲೆ ‘ವಾಡಿ’ ಎಂದಿರಲಿ. ಸಿಮೆಂಟಿನ ಹೆಸರು ಬೇಕಿದ್ದರೆ ತೋಳಿಗೆ ಹಾಕಿಕೊಳ್ಳಲಿ.

ನೆಲ ಎಲ್ಲಿದೆ ಎನ್ನುವವರಿಗೆ ಮತ್ತೆ ಪೋಲೆಂಡಿನ ಉದಾಹರಣೆ ಕೊಡುತ್ತೇನೆ, ಏಕೆಂದರೆ ಇದು ನಮಗೆ ಅಳತೆ ತೆಗೆದು ಹೊಲಿಸಿದ ಹಾಗಿದೆ. ಕಲ್ಲಿದ್ದಲ ಸೀಮೆಯಾದ ಸಿಲೇಸಿಯಾದ ಹೊಜುವ್ ಬಳಿ ಗಣಿ ಮತ್ತು ಕಾರ್ಖಾನೆಗಳು ಹಾಳುಗೆಡವಿದ್ದ ಬಯಲನ್ನು 1950ರ ದಶಕದಲ್ಲಿ ಮಣ್ಣು ತುಂಬಿ, ಗಿಡ ನೆಟ್ಟು ದೊಡ್ಡ ಉದ್ಯಾನ ಮಾಡಿದರು. ಅದರೊಳಗೆ 1956ರಲ್ಲಿ ಸಿಲೇಸಿಯಾ ಕ್ರೀಡಾಂಗಣ ತೆರೆಯಿತು. 1973ರ ಜೂನ್‌ನಲ್ಲಿ ಇಂಗ್ಲೆಂಡ್ ಮೊದಲು ಸೋತದ್ದು ಅಲ್ಲೇ, 2–0. ಎರಡನೇ ಗೋಲು ಹೊಡೆದ ವ್ಲೋಜಿಮೆಶ್ ಲುಬಾನ್‌ಸ್ಕಿ ಆಡುತ್ತಿದ್ದ ಕ್ಲಬ್ಬು ಗುರ್ನಿಕ್ ಜಾಬ್ಜೆ. ‘ಗುರ್ನಿಕ್’ ಎಂದರೆ ಗಣಿ ಕೆಲಸಗಾರ ಎಂದೇ ಅರ್ಥ. ಕಲ್ಲು ಮುಗಿದ ಖಣಿಯನ್ನು ಸರಿಪಡಿಸಿ ಬಿಡಬೇಕೆಂದು ನಮ್ಮ ಕಾನೂನೂ ಹೇಳುತ್ತದೆ. ಗಣಿ ಮುಚ್ಚುವ ಯೋಜನೆಯನ್ನು ಗಣಿ ತೆರೆಯುವಾಗಲೇ ಕೊಡಬೇಕು. ನಮ್ಮಲ್ಲಿ ಖಣಿಗಳು ಮಳೆನೀರು ತುಂಬಿದ ಗುಂಡಿಗಳಾಗಿ ಉಳಿಯುತ್ತವೆ, ಮಕ್ಕಳು ಈಜಲು ಹೋಗಿ ಮುಳುಗಿದ ಸುದ್ದಿ ಕಲ್ಲಿನ ಸೀಮೆಗಳಿಂದ ಆಗಾಗ ಬರುತ್ತದೆ. ಅಂಥ ಆಳವಿಲ್ಲದ ಒಂದೆರಡು ಖಣಿಗಳಿಗೆ ಮಣ್ಣು ತುಂಬಿದರೆ ಮೈದಾನ ಸಿಗುತ್ತದೆ. ಸುತ್ತ ಮೆಟ್ಟಿಲು ಕಟ್ಟಲು ಕಲ್ಲಿಗಂತೂ ಬರವಿಲ್ಲ.

ಬಿಸಿಲಿನ ನೆಪಕ್ಕೆ ಉದ್ದದ ಉತ್ತರ ಬೇಕಿಲ್ಲ. ಪೋಲೆಂಡಿನಲ್ಲಿ ಹಿಮಕ್ಕೆ ಹೆದರಿ ಚಳಿಗಾಲದಲ್ಲಿ ಲೀಗು ನಿಲ್ಲಿಸುತ್ತಾರೆ, ನಾವು ಮಾರ್ಚಿನಿಂದ ಮೇ ತನಕ ನಿಲ್ಲಿಸಿದರಾಯಿತು. ಕ್ರಿಕೆಟ್ಟು, ಕಬಡ್ಡಿ ನಮ್ಮ ಆಟ, ಫುಟ್‌ಬಾಲ್ ಅಲ್ಲ ಎಂಬ ಮಾತೂ ಅಷ್ಟೇ. ಕ್ರಿಕೆಟ್ಟೇನು ಮಾನ್ಯಖೇಟದ ರಾಷ್ಟ್ರಕೂಟರು ಬಿಟ್ಟುಹೋದ ಆಟವಲ್ಲ. ಕಬಡ್ಡಿಯನ್ನು ಕಸಿದುಕೊಳ್ಳಿ ಎಂದು ನಾನು ಹೇಳುತ್ತಲೂ ಇಲ್ಲ. ಗೇಟು ತೆರೆದ ಮೈದಾನದ ಒಂದು ಮೂಲೆಯಲ್ಲಿ ಅದೂ ನಡೆಯಲಿ. ಲೆವಾಂಡೊವ್‌ಸ್ಕಿ ಮನೆಯಲ್ಲಿ ತಾಯಿ, ಅಕ್ಕ ವಾಲಿಬಾಲ್ ಆಡಿದವರು. ಮೈದಾನ ಎಂಬುದು ಹುಡುಗರದ್ದಷ್ಟೇ ಎಂಬ ನಮ್ಮ ಅಭ್ಯಾಸವನ್ನು ಬಿಡುವುದಕ್ಕೂ ಇದೇ ಸಮಯ.

ಈ ರಾಜ್ಯದಲ್ಲೇ, ಈ ಕಲ್ಯಾಣ ಕರ್ನಾಟಕದಲ್ಲೇ ದಾರಿ ತೋರಿದ ಉದಾಹರಣೆಯೂ ಇದೆ. ಉಕ್ಕಿನ ಕಂಪನಿ ಜೆಎಸ್‌ಡಬ್ಲ್ಯು 2013ರಲ್ಲಿ ಬೆಂಗಳೂರು ಎಫ್‌ಸಿ ಕಟ್ಟಿತು. ಸುನಿಲ್ ಛೆಟ್ರಿ ಮುಂದಾಳುತನದಲ್ಲಿ ಅದು ಮೊದಲ ವರ್ಷವೇ ಐ–ಲೀಗ್ ಗೆದ್ದಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿತು. ಅದೇ ಕಂಪನಿ ಬಳ್ಳಾರಿಯ ತೋರಣಗಲ್ಲಿನ ಕಾರ್ಖಾನೆಯ ಪಕ್ಕದಲ್ಲಿ 2018ರಲ್ಲಿ ದೊಡ್ಡ ಕ್ರೀಡಾ ತರಬೇತಿ ಸಂಸ್ಥೆ ತೆರೆಯಿತು. ಕುಸ್ತಿ, ಬಾಕ್ಸಿಂಗ್, ಜೂಡೊ, ಓಟದ ಪಟುಗಳು ದೇಶದ ಎಲ್ಲೆಡೆಯಿಂದ ಅಲ್ಲಿಗೆ ಬರುತ್ತಾರೆ. ಅದಿರಿನ ಧೂಳಿನ ನಡುವೆ ಅದಾಯಿತೆಂದರೆ ಸಿಮೆಂಟಿನ ಧೂಳಿನ ನಡುವೆ ಆಗದಿರಲು ಕಾರಣವಿಲ್ಲ. ಅಷ್ಟು ದೊಡ್ಡದು ನಮಗೆ ಮೊದಲಿಗೆ ಬೇಕಾಗಿಯೂ ಇಲ್ಲ. ಬೇಕಾದದ್ದು ಐದು ಊರಿನ ಒಂದು ಲೀಗು: ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ. ಮೊದಲ ನಾಲ್ಕಕ್ಕೂ ರೈಲು ಹಳಿ ಇದೆ, ಚಿಂಚೋಳಿಗೆ ಬಸ್ಸು. ಹದಿನಾಲ್ಕರ ಒಳಗಿನವರದ್ದು ಒಂದು ತಂಡ, ಹದಿನೇಳರ ಒಳಗಿನವರದ್ದು ಒಂದು, ಹುಡುಗಿಯರದ್ದು ಒಂದು. ಜುಲೈನಿಂದ ಫೆಬ್ರುವರಿ ತನಕ ಪ್ರತಿ ಭಾನುವಾರ ಪಂದ್ಯ. ಊರಿಗೊಬ್ಬ ಸಂಬಳದ ತರಬೇತುದಾರ, ಅವನ ಸಂಬಳಕ್ಕೆ ಐದು ವರ್ಷದ ಲಿಖಿತ ಒಪ್ಪಂದ. ಒಂದು ವರ್ಷ ಕೊಟ್ಟು ಮರೆಯುವ ದಾನ ಬೇಡ. ರಾಜ್ಯ ಫುಟ್‌ಬಾಲ್ ಸಂಸ್ಥೆ ಈ ಲೀಗಿಗೆ ಮಾನ್ಯತೆ ಕೊಟ್ಟು, ಗೆದ್ದವರನ್ನು ಮೇಲಿನ ಹಂತಕ್ಕೆ ಕರೆಯಬೇಕು. ಚೆನ್ನಾಗಿ ಆಡಿದವರಿಗೆ ರೈಲ್ವೆಯ ಕ್ರೀಡಾ ಕೋಟಾ ಇದೆ, ವಾಡಿ ಜಂಕ್ಷನ್ನಿನ ಮಕ್ಕಳಿಗೆ ರೈಲ್ವೆ ಹೊಸ ಇಲಾಖೆಯೇನೂ ಅಲ್ಲ. ಕಾರ್ಖಾನೆಗಳು ತಮ್ಮ ನೇಮಕದಲ್ಲಿ ವರ್ಷಕ್ಕೆ ಒಂದೆರಡು ಜಾಗ ಆಟಗಾರರಿಗೆ ಇಟ್ಟರೆ ಸರಪಳಿಯ ನಾಲ್ಕನೇ ಕೊಂಡಿಯೂ ಕೂಡಿಕೊಳ್ಳುತ್ತದೆ.

ಇದರಿಂದ ಎಷ್ಟು ವರ್ಷಕ್ಕೆ ಒಬ್ಬ ಲಾಟೊ ಬರುತ್ತಾನೆ ಎಂದು ಕೇಳಿದರೆ ಮಿಯೆಲೆಟ್ಸಿನ ಲೆಕ್ಕವನ್ನೇ ಹೇಳಬೇಕು. ಅಲ್ಲಿ ಕ್ಲಬ್ಬು ಹುಟ್ಟಿದ್ದು 1939ರಲ್ಲಿ, ಲಾಟೊ ವಿಶ್ವಕಪ್ಪಿನಲ್ಲಿ ಗೋಲು ಹೊಡೆದದ್ದು 1974ರಲ್ಲಿ. ನಡುವಿನ ಮೂವತ್ತೈದು ವರ್ಷದಲ್ಲಿ ಆ ಮೈದಾನದಲ್ಲಿ ಆಡಿದ ಮಿಕ್ಕ ಹುಡುಗರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ. ಅವರು ಶನಿವಾರ ಪಾಳಿ ಮುಗಿಸಿ ಭಾನುವಾರ ಆಡಿದರು, ಸೋಮವಾರ ಮತ್ತೆ ಕೆಲಸಕ್ಕೆ ಹೋದರು. ಎಡಬದಿಗೆ ಓಡಿ ಅಡ್ಡಕ್ಕೆ ತಳ್ಳುವುದನ್ನು ಲಾಟೊ ಕಲಿತದ್ದು ಅವರನ್ನು ನೋಡಿಯೇ.